ಅಣಕು ರಾಜ್ಯಸಭೆಗೆ ಸಭಾಪತಿ ಹುಡುಕಿದ್ದು

ಡಿಗ್ರಿ ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ, ವರ್ಷಾ ವರ್ಷ ಅಣಕು ಸಂಸತ್ತು ನಡೆಸೋ ಕೆಲಸ ನನ್ನ ತಲೆಗೇ ಬರತ್ತೆ. ಎಲ್ಲರೂ ಮಾಡೋದು ಲೋಕಸಭೆನೇ. ಪ್ರಧಾನಿ ಆಗೋಕೆ ಜಗಳ, ವಿರೋಧ ಪಕ್ಷದ ನಾಯಕ ಆಗೋಕೆ ಜಗಳ, ಸ್ಪೀಕರ್ ಮಾತ್ರ ಯಾರಿಗೂ ಬೇಡ, ಕೊನೆಗೆ ಗಂಟಲು ಜೋರಿರೋ ಒಬ್ಬನ್ನ ಕೂರಿಸಿ ಆರ್ಡರ್ ಆರ್ಡರ್ ಅನ್ನಿಸಿದ್ರೆ ಮುಗೀತು. ಈ ಸಲ ರಾಜ್ಯಸಭೆ ಮಾಡ್ಸೋಣ, ಅದೂ ಸಭಾಪತಿ ಕುರ್ಚಿಯಿಂದಾನೇ ಶುರು ಮಾಡೋಣ ಅಂತ ಹೊರಟೆ. ಹೇಗೆ ಮಾಡ್ಸಿದೆ ಅಂತ ಬರೀತಿದೀನಿ, ಬೇರೆ ಲೆಕ್ಚರರ್‌ಗಳಿಗೆ ಉಪಯೋಗಕ್ಕೆ ಬಂದ್ರೂ ಬರಬಹುದು.

ಸಭಾಪತಿನ ಆರಿಸೋದ್ರಲ್ಲೇ ಅರ್ಧ ಪಾಠ ಆಗೋಯ್ತು. ಲೋಕಸಭೆ ಸ್ಪೀಕರ್ ಆ ಸದನದ ಸದಸ್ಯರೇ ಆಗಿರ್ತಾರೆ, ನಮ್ಮ ವಿಧಾನ ಪರಿಷತ್ತಲ್ಲೂ ಸದಸ್ಯರು ತಮ್ಮೊಳಗಿನ ಒಬ್ಬರನ್ನೇ ಸಭಾಪತಿ ಮಾಡ್ಕೋತಾರೆ. ರಾಜ್ಯಸಭೆ ಕಥೆ ಬೇರೆ. ಉಪರಾಷ್ಟ್ರಪತಿ ಆದವ್ರು ತಾನಾಗೇ ಅಲ್ಲಿನ ಸಭಾಪತಿ, ಅವ್ರು ಯಾವ ಸದನದ ಸದಸ್ಯರೂ ಆಗಿರೋ ಹಾಗಿಲ್ಲ. ಹೊರಗಿನವ್ರು ಬಂದು ಕೂತ್ಕೊಳ್ಳೋ ಕುರ್ಚಿ ಅದು. ಅವರನ್ನ ಆರಿಸೋದು ಎರಡೂ ಸದನದ ಸಂಸದರು ಸೇರಿ, ಗುಪ್ತ ಮತದಾನ, ಪ್ರಾಶಸ್ತ್ಯದ ಲೆಕ್ಕ. ಅದಕ್ಕೆ ಬಿಎ ಫೈನಲ್ ಇಯರ್‌ನವರನ್ನ ರಾಜ್ಯಸಭೆ ಮಾಡಿ, ಫಸ್ಟ್ ಇಯರ್‌ನವರನ್ನ ಲೋಕಸಭೆ ಮಾಡಿ, ಇಬ್ಬರೂ ಸೇರಿ ಬಿಎಸ್ಸಿಯವರಲ್ಲಿ ಒಬ್ಬರನ್ನ ಆರಿಸಿ ಅಂದೆ. ಚೀಟಿ ಮೇಲೆ 1, 2, 3 ಅಂತ ಬರೆಸಿದೆ. ಗೆದ್ದಿದ್ದು ಕೆಮಿಸ್ಟ್ರಿ ಓದೋ ಒಬ್ಬ ಹುಡುಗಿ, ಮೆತ್ತಗೆ ಮಾತಾಡೋಳು. "ಮೇಡಂ, ಅವಳಿಗೆ ಪಾಲಿಟಿಕ್ಸ್ ಏನ್ ಗೊತ್ತು" ಅಂತ ನಮ್ಮ ಹುಡುಗರ ತಕರಾರು. ನಮ್ಮ ಕ್ಲಾಸಿನ ಯಾವ ಗ್ಯಾಂಗಿಗೂ ಸೇರದವಳು, ನಂಗೆ ಬೇಕಾಗಿದ್ದೂ ಅದೇ.

ಹಿಸ್ಟರಿ ಸ್ವಲ್ಪ ಹೇಳಲೇಬೇಕಾಯ್ತು, ಯಾಕಂದ್ರೆ ಹೊರಗಿನವ್ರು ಯಾಕೆ ಅಂತ ಅವಳೇ ಕೇಳಿದ್ಲು. 1919ರ ಕಾಯ್ದೆ ಪ್ರಕಾರ 1921ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಅಂತ ಮೇಲ್ಮನೆ ಶುರುವಾಯ್ತಲ್ಲ, ಅದರ ಅಧ್ಯಕ್ಷರನ್ನ ಗವರ್ನರ್ ಜನರಲ್ಲೇ ನೇಮಿಸ್ತಿದ್ದ. ಮೊದಲನೇ ಅಧ್ಯಕ್ಷ ಅಲೆಗ್ಸಾಂಡರ್ ಮಡ್ಡಿಮನ್ ಅನ್ನೋ ಬ್ರಿಟಿಷ್ ಅಧಿಕಾರಿ. ಕೆಳಮನೆಯವ್ರು 1925ರಲ್ಲೇ ವಿಠಲಭಾಯಿ ಪಟೇಲರನ್ನ ತಾವೇ ಆರಿಸ್ಕೊಂಡ್ರು, ಮೇಲ್ಮನೆಗೆ ಆ ಭಾಗ್ಯ ಇರ್ಲಿಲ್ಲ. ಸಂವಿಧಾನ ಬರೆಯುವಾಗ ಉಪರಾಷ್ಟ್ರಪತಿನೇ ಸಭಾಪತಿ ಅನ್ನೋ ಅಮೆರಿಕದ ಸೆನೆಟ್ಟಿನ ಪದ್ಧತಿ ಬಂತು. 1952ರ ಮೇ 13ಕ್ಕೆ ಮೊದಲ ಬೈಠಕ್, ಸಭಾಪತಿ ರಾಧಾಕೃಷ್ಣನ್, ನಮ್ಮ ಮೈಸೂರು ಮಹಾರಾಜಾ ಕಾಲೇಜಲ್ಲಿ ಫಿಲಾಸಫಿ ಪಾಠ ಮಾಡಿದ್ದವ್ರು. ನಾನು ಯಾವ ಪಕ್ಷದವನೂ ಅಲ್ಲ, ಅಂದ್ರೆ ಈ ಸದನದ ಎಲ್ಲಾ ಪಕ್ಷದವನೂ ಹೌದು ಅನ್ನೋ ಅರ್ಥದಲ್ಲಿ ಅವರು ಮಾತಾಡಿದ್ರು. ಇದನ್ನ ಕಾರ್ಡ್ ಮೇಲೆ ಬರೆದು ಅವಳ ಟೇಬಲ್ ಮೇಲಿಟ್ಟೆ. ಆಮೇಲೆ ಬಂದ ಎಷ್ಟೋ ಜನ ಜೀವನ ಪೂರ್ತಿ ಪಕ್ಷದಲ್ಲೇ ಇದ್ದು ಬಂದವ್ರು, ಶೆಖಾವತ್ ಮುಖ್ಯಮಂತ್ರಿ ಆಗಿದ್ದವ್ರು, ವೆಂಕಯ್ಯ ನಾಯ್ಡು ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿದ್ದವ್ರು. ಹೊರಗಿನವ್ರು ಅನ್ನೋದು ಈಗ ಮುಕ್ಕಾಲು ಪಾಲು ಕಾಗದದ ಮೇಲಷ್ಟೇ ಅಂತ ನನ್ನ ಅಭಿಪ್ರಾಯ, ಹುಡುಗರಿಗೂ ಹಾಗೇ ಹೇಳಿದೆ.

ಕರ್ನಾಟಕದ ಲಿಂಕ್ ಹುಡುಕಿ ಅಂತ ಒಂದು ಗುಂಪಿಗೆ ಕೊಟ್ಟಿದ್ದೆ. ಮೊದಲ ಉಪಸಭಾಪತಿ ಎಸ್.ವಿ. ಕೃಷ್ಣಮೂರ್ತಿ ರಾವ್ ಮೈಸೂರು ರಾಜ್ಯದವ್ರು, ಆಮೇಲೆ ವೈಲೆಟ್ ಆಳ್ವ, ರಾಜ್ಯಸಭೆ ನಡೆಸಿದ ಮೊದಲ ಮಹಿಳೆ, 2004ರಿಂದ 2012ರವರೆಗೆ ರೆಹಮಾನ್ ಖಾನ್. ಆದ್ರೆ ಎಲ್ಲರಿಗೂ ಹಿಡಿಸಿದ್ದು ಬಿ.ಡಿ. ಜತ್ತಿಯವ್ರ ವಿಷಯ. 1977ರ ಫೆಬ್ರವರೀಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿ ಆದ್ರು. ಹಾಗಾದ್ರೆ ಸಭಾಪತಿ ಕುರ್ಚಿ? ಆ ಕೆಲಸ ಆಗ ಅವರು ಮಾಡೋ ಹಾಗಿಲ್ಲ, ಅದರ ಸಂಬಳಾನೂ ಇಲ್ಲ, ಉಪಸಭಾಪತಿ ನೋಡ್ಕೋಬೇಕು. ಸಂಬಳ ಅಂದಾಗ ನೆನಪಾಯ್ತು, ಉಪರಾಷ್ಟ್ರಪತಿಗೆ ಸಂಬಳ ಬರೋದೇ ಸಭಾಪತಿ ಅಂತ.

ಟ್ರೈನಿಂಗ್‌ಗೆ ಬರೋಣ. ಬೆಲ್ ಕೊಟ್ಟಿರ್ಲಿಲ್ಲ, ಬೇಕಂತಲೇ. ಸಭಾಪತಿ ಎದ್ದು ನಿಂತ್ರೆ ಮಾತಾಡ್ತಿರೋ ಸದಸ್ಯ ಕೂತ್ಕೋಬೇಕು, ಎಲ್ಲರೂ ಸುಮ್ಮನೆ ಕೇಳ್ಬೇಕು ಅಂತ ರಾಜ್ಯಸಭೆ ನಿಯಮದಲ್ಲೇ ಇದೆ. ಕಿರುಚಬೇಡ, ಎದ್ದು ನಿಲ್ಲು ಅಂದೆ. ಮೊದಮೊದಲು ಯಾರೂ ಕೇರ್ ಮಾಡ್ಲಿಲ್ಲ, ಆದ್ರೆ ಅವಳು ಕೂರಲೇ ಇಲ್ಲ, ನಿಂತೇ ಇದ್ದಳು, ಹುಡುಗರಿಗೇ ಒಂಥರಾ ಆಗಿ ಸುಮ್ಮನಾದ್ರು. ಎರಡನೇದು ಸಸ್ಪೆಂಡ್ ಮಾಡೋದು. ಲೋಕಸಭೆ ಸ್ಪೀಕರ್‌ಗೆ 2001ರಿಂದ ಒಂದು ನಿಯಮ ಇದೆ, ಬಾವಿಗಿಳಿದು (ಅಂದ್ರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ನುಗ್ಗಿ) ಗಲಾಟೆ ಮಾಡೋ ಸದಸ್ಯನ ಹೆಸರು ಹೇಳಿದ್ರೆ ಸಾಕು, ಸಸ್ಪೆಂಡ್. ರಾಜ್ಯಸಭೆ ಸಭಾಪತಿಗೆ ಆ ಅಧಿಕಾರ ಇಲ್ಲ, ಹೆಸರು ಹೇಳಬಹುದು, ಪ್ರಸ್ತಾವ ಮಂಡಿಸಿ ಒಪ್ಪಬೇಕಾದ್ದು ಸದನ. ವೆಂಕಯ್ಯ ನಾಯ್ಡು ಮಂತ್ರಿಗಳಿಗೆ ಕಾಗದ ಪತ್ರ ಮಂಡಿಸುವಾಗ "ಬೇಡಿಕೊಳ್ಳುತ್ತೇನೆ" ಅನ್ನೋ ಬ್ರಿಟಿಷರ ಕಾಲದ ಮಾತು ಬೇಡ ಅಂದಿದ್ರಲ್ಲ, ಅದನ್ನೂ ಸ್ಕ್ರಿಪ್ಟಲ್ಲಿ ಸೇರಿಸಿದ್ದೆ.

ಓಟಿನ ಲೆಕ್ಕಕ್ಕೆ 1970 ತಗೊಂಡೆ. ಹಳೇ ರಾಜರಿಗೆ ಸರ್ಕಾರ ಕೊಡ್ತಿದ್ದ ರಾಜಧನ ರದ್ದು ಮಾಡೋ ಸಂವಿಧಾನ ತಿದ್ದುಪಡಿ ರಾಜ್ಯಸಭೇಲಿ ಓಟಿಗೆ ಬಂದಾಗ ಪರ 149, ವಿರುದ್ಧ 75, ಮೂರನೇ ಎರಡು ಅಂದ್ರೆ 149.33 ಬೇಕಿತ್ತು, ಒಂದು ಓಟೂ ಅಲ್ಲ, ಓಟಿನ ಚೂರಿಗೆ ಬಿದ್ದೋಯ್ತು. ಸಭಾಪತಿ ಓಟ್ ಹಾಕಿದ್ರೆ ಪಾಸಾಗ್ತಿತ್ತಲ್ಲ ಅಂತ ಹಿಂದಿನ ಬೆಂಚಿಂದ ಬಂತು. ಹಾಕೋ ಹಾಗಿಲ್ಲ, ಎರಡೂ ಕಡೆ ಸಮ ಬಂದ್ರೆ ಮಾತ್ರ ನಿರ್ಣಾಯಕ ಮತ.

ಈ ಮಾತು ಕೇಳಿದ್ದೇ ತಡ ನಮ್ಮ ಹುಡುಗರು ಮಸಲತ್ತು ಶುರು ಮಾಡಿದ್ರು ಅನ್ಸತ್ತೆ, ಯಾಕಂದ್ರೆ ಆವತ್ತು ಸೋಷಿಯಲ್ ಮೀಡಿಯಾ ನಿರ್ಬಂಧ ವಿಧೇಯಕ ವೋಟಿಗೆ ಬಂದಾಗ ಧ್ವನಿಮತ ಗೊತ್ತಾಗ್ಲಿಲ್ಲ, ಡಿವಿಷನ್ (ಓಟು ಎಣಿಸೋದು) ಕೇಳಿದ್ರು, ಕೊಟ್ಟಳು, ಎಣಿಸಿದ್ರೆ ಕರೆಕ್ಟಾಗಿ ಸಮ! ಇಡೀ ಹಾಲ್ ಅವಳ ಮುಖ ನೋಡ್ತಿತ್ತು. ಎದ್ದು ನಿಂತು ವಿಧೇಯಕದ ವಿರುದ್ಧ ಹಾಕಿದ್ಲು. ಸದನದ ಅರ್ಧಕ್ಕರ್ಧ ಜನಕ್ಕೆ ಬೇಡ ಅಂದ್ಮೇಲೆ ಹೊಸ ಕಾನೂನು ತರೋದು ಸದಸ್ಯಳೇ ಅಲ್ಲದ ನನ್ನ ಕೆಲಸ ಅಲ್ಲ ಅಂದ್ಲು. ನಾನು ಹೇಳ್ಕೊಟ್ಟಿದ್ದಲ್ಲ ಇದು.

ಸರ್ಕಾರದ ಕಡೆಯವರಿಗೆ ಉರಿದೋಯ್ತು, ಪದಚ್ಯುತಿ ನೋಟಿಸ್ ತಂದ್ರು. 2024ರ ಡಿಸೆಂಬರಲ್ಲಿ ಆಗಿನ ಸಭಾಪತಿ ಧನಕರ್ ವಿರುದ್ಧ ವಿರೋಧ ಪಕ್ಷಗಳು ಕೊಟ್ಟಿದ್ದನ್ನ, ಉಪಸಭಾಪತಿ ಅದನ್ನ ತಿರಸ್ಕರಿಸಿದ್ದನ್ನ ಪೇಪರಲ್ಲಿ ಓದಿದ್ರು. ರೂಲ್ಸ್ ನೋಡಿ ಅಂದೆ. 14 ದಿನ ಮೊದಲೇ ನೋಟಿಸ್ ಕೊಡಬೇಕು, ಹಾಜರಿದ್ದವರಷ್ಟೇ ಅಲ್ಲ, ಆಗಿರೋ ಎಲ್ಲಾ ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಓಟು ರಾಜ್ಯಸಭೇಲಿ ಬೇಕು, ಆಮೇಲೆ ಲೋಕಸಭೆನೂ ಒಪ್ಪಬೇಕು. ಅದು ಚರ್ಚೆಗೆ ಬಂದ ದಿನ ಅವಳು ಕುರ್ಚೀಲಿ ಕೂರೋ ಹಾಗಿಲ್ಲ, ಆದ್ರೆ ಸದನಕ್ಕೆ ಬಂದು ಮಾತಾಡಬಹುದು. ಫಸ್ಟ್ ಇಯರ್ ಲೋಕಸಭೆಯವ್ರು ನಾವು ಒಪ್ಪಲ್ಲ ಅಂತ ಆಗ್ಲೇ ಹೇಳಿಬಿಟ್ರು. ನೋಟಿಸ್ ನನ್ನ ಡ್ರಾಯರಲ್ಲಿದೆ, 14 ದಿನ ಆಗೋಷ್ಟರಲ್ಲಿ ಇಂಟರ್ನಲ್ಸ್ ಶುರುವಾಗೋಯ್ತು.