ಆಟದ ಮಧ್ಯೆ ಆರಿಹೋಗುತ್ತಿದ್ದ ಕಂಪ್ಯೂಟರ್

ಬೆಂಗಳೂರಿನ ರೂಮು ಖಾಲಿ ಮಾಡಿ ರಾಯಚೂರಿಗೆ ವಾಪಸಾದಾಗ ನನ್ನ ಗೇಮಿಂಗ್ ಕಂಪ್ಯೂಟರ್ ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಕುಲುಕಾಡಿಕೊಂಡು ಬಂತು. ಐ5 10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಎರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಊರಿಗೆ ಬಂದ ವಾರದಲ್ಲೇ ಹೊಸ ಚಾಳಿ: ಗೇಮ್ ಹಾಕಿ ಹತ್ತು ನಿಮಿಷವಾದರೆ ಆಟ ತೆವಳತೊಡಗುತ್ತದೆ, ಆಮೇಲೆ ಟಪ್ ಅಂತ ಎಲ್ಲ ಕತ್ತಲು. ನೀಲಿ ಪರದೆ ಇಲ್ಲ, ಎರರ್ ಇಲ್ಲ.

"ಕರೆಂಟ್ ಐತಲ್ಲಪಾ, ಮತ್ಯಾಕ ಬಂದಾತು?" ಅಂದಳು ಅವ್ವ. ತಲೆ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಬಲ್ಬು ಮಿಣುಕಿರಲಿಲ್ಲ. ಆದರೂ ಗೆಳೆಯನೊಬ್ಬ ವೋಲ್ಟೇಜ್ ಸಮಸ್ಯೆ ಅಂದದ್ದೇ ತಡ, ಹೋಗಿ ಹೊಸ ಯುಪಿಎಸ್ ತಂದೆ. ದುಡ್ಡು ದಂಡ.

ವಿಂಡೋಸ್ ತನ್ನ ತಪ್ಪು-ಒಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದರೆ ಸಾಲುಸಾಲಾಗಿ ಕರ್ನಲ್-ಪವರ್ 41. ಹೆಸರಿನಲ್ಲೇ ಪವರ್ ಇದೆಯಲ್ಲ ಅಂತ ಇದನ್ನು ನೋಡಿದವರೆಲ್ಲ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಲು ಹೊರಡುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಆರಿಹೋಗಿತ್ತು. ಅದು ನನಗೂ ಗೊತ್ತಿತ್ತು!

ಉಪಯೋಗಕ್ಕೆ ಬಂದದ್ದು ಕಂಪ್ಯೂಟರಿನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರಿನ ಲಾಗ್. ಅದು ಎರಡೆರಡು ಸೆಕೆಂಡಿಗೆ ಎಲ್ಲ ಸೆನ್ಸರ್‌ಗಳ ಲೆಕ್ಕ ಫೈಲಿಗೆ ಬರೆಯುತ್ತಾ ಹೋಗುತ್ತದೆ. ಕಂಪ್ಯೂಟರ್ ಆರಿಹೋದರೂ ಫೈಲು ಉಳಿದಿರುತ್ತದೆ, ಕೊನೆಯ ಸಾಲುಗಳನ್ನು ಓದಿದರೆ ಆಯಿತು. ನನ್ನದರಲ್ಲಿ ಪ್ರೊಸೆಸರ್ ಬಿಸಿ 100 ಡಿಗ್ರಿಗೆ ಅಂಟಿಕೊಂಡಿತ್ತು, ವೇಗ 4 ಗಿಗಾಹರ್ಟ್ಜ್‌ನಿಂದ ಎರಡರ ಹತ್ತಿರಕ್ಕೆ ಕುಸಿದಿತ್ತು. ಈ ಪ್ರೊಸೆಸರ್‌ಗೆ 100 ಡಿಗ್ರಿಯೇ ಮಿತಿ. ಅಲ್ಲಿಗೆ ತಲುಪಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ; ಅದಕ್ಕೂ ಬಗ್ಗದೆ ಬಿಸಿ ಏರಿದರೆ ಜೀವ ಉಳಿಸಿಕೊಳ್ಳಲು ಆರಿಹೋಗುತ್ತದೆ. ಆಟ ತೆವಳಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಸುಮ್ಮನೆ ಡೆಸ್ಕ್‌ಟಾಪ್ ನೋಡುತ್ತಾ ಕೂತರೂ 68 ಡಿಗ್ರಿ. ಶಾಖೋತ್ಪನ್ನ ಕೇಂದ್ರ ಇರುವುದು ಶಕ್ತಿನಗರದಲ್ಲಿ ಅಂದುಕೊಂಡಿದ್ದೆ, ನಮ್ಮ ಮನೆಯಲ್ಲೂ ಒಂದಿತ್ತು.

ಕ್ಯಾಬಿನೆಟ್ ಬಿಚ್ಚಿ, ಪ್ರೊಸೆಸರ್ ತಣ್ಣಗಿಡುವ ಕೂಲರ್ ಮೇಲೆ ಬೆರಳಿಟ್ಟೆ. ಒಂದು ಮೂಲೆ ಅಲ್ಲಾಡಿತು. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರುವ ಕೂಲರ್ ಇದು, ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಮೇಲೆ ನಿಂತಿರುತ್ತದೆ. ಬಸ್ಸಿನ ಕುಲುಕಾಟಕ್ಕೆ ಒಂದು ಪಿನ್ನು ಮೇಲೆದ್ದಿತ್ತು. ಕೂಲರ್ ಓರೆಯಾದ್ದರಿಂದ, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಕೆಳಗಿನ ಪೇಸ್ಟ್ ಒಂದು ಕಡೆ ಮಾತ್ರ ಒತ್ತಿಕೊಂಡಿತ್ತು, ಇನ್ನೊಂದು ಕಡೆ ಒಣಗಿ ಸುಣ್ಣದಂತಾಗಿತ್ತು. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಪಿನ್ನುಗಳನ್ನು ಎದುರುಬದುರು ಮೂಲೆಯಂತೆ ಒತ್ತಬೇಕು, ಪ್ರತಿಯೊಂದೂ ಟಕ್ ಅನ್ನಬೇಕು. ಆ ಸದ್ದನ್ನೂ ಪೂರ್ತಿ ನಂಬಬೇಡಿ: ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟು, ಬಿಳಿ ಕಾಲುಗಳ ನಡುವೆ ಕಪ್ಪು ಮೊಳೆ ಇಳಿದಿದೆಯಾ ನೋಡಿ. ಧೂಳನ್ನೂ ಊದಿದೆ, ಊದುವಾಗ ಫ್ಯಾನು ಗಿರಗಿರ ತಿರುಗದಂತೆ ಪೆನ್ಸಿಲ್ ಅಡ್ಡ ಹಿಡಿದಿದ್ದೆ.

ಆಮೇಲೆ ಎಷ್ಟು ಆಡಿದರೂ 71 ದಾಟಲಿಲ್ಲ. ಗೆದ್ದೆ ಅಂದುಕೊಂಡೆ. ನಾಲ್ಕನೇ ದಿನ ಮಧ್ಯಾಹ್ನ ಮತ್ತೆ ಟಪ್.

ಈ ಸಲ ಲಾಗ್ ನೋಡಿದರೆ ಪ್ರೊಸೆಸರ್ 70, ಕಾರ್ಡ್ 74, ವೇಗ ಒಂಚೂರೂ ಇಳಿದಿಲ್ಲ. ಆಟವೂ ತೆವಳಿರಲಿಲ್ಲ. ಇನ್ನೊಂದು ವ್ಯತ್ಯಾಸವಿತ್ತು: ಮೊದಲೆಲ್ಲ ಬಟನ್ ಒತ್ತಿದರೆ ಕೂಡಲೇ ಆನ್ ಆಗುತ್ತಿತ್ತು, ಈಗ ಸತ್ತಂತೆ ಬಿದ್ದಿತ್ತು. ಹಿಂದಿನ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಟ್ಟರೆ ಮಾತ್ರ ಎದ್ದಿತು. ಲಕ್ಷಣ ಒಂದೇ, ಕಾಯಿಲೆ ಬೇರೆ. ಸೆನ್ಸರ್ ಪಟ್ಟಿಯಲ್ಲೇ ಇಲ್ಲದ ಭಾಗ ಯಾವುದು? ಎಸ್‌ಎಂಪಿಎಸ್. ಹಿಂದೆ ಕೈ ಹಿಡಿದೆ, ಒಲೆ ಮುಂದೆ ಹಿಡಿದ ಹಾಗಿತ್ತು.

ಕ್ಯಾಬಿನೆಟ್ ಎತ್ತಿದಾಗ ನಗು ಬಂತು. ಟೈಲ್ಸ್‌ಗೆ ಗೀರು ಬೀಳಬಾರದೆಂದು ಅವ್ವ ಅದರ ಕೆಳಗೆ ಜಮಖಾನ ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಎಸ್‌ಎಂಪಿಎಸ್ ಗಾಳಿ ಎಳೆಯುವುದು ತಳದಿಂದ. ಕ್ಯಾಬಿನೆಟ್ಟಿನ ಗಿಡ್ಡ ಕಾಲುಗಳು ಜಮಖಾನದಲ್ಲಿ ಹೂತು ಬಾಯಿಯೇ ಮುಚ್ಚಿತ್ತು, ಜಾಲರಿಗೆ ಹತ್ತಿಯಂತೆ ಧೂಳು ಮೆತ್ತಿತ್ತು. ಜಾಲರಿ ತೊಳೆದು ಒಣಗಿಸಿ ಹಾಕಿದೆ. ಎಸ್‌ಎಂಪಿಎಸ್ ಮಾತ್ರ ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಈಗ ಕಂಪ್ಯೂಟರ್ ಊಟದ ಮಣೆಯ ಮೇಲೆ ಕೂತಿದೆ. ಮೇ ತಿಂಗಳ ಮಧ್ಯಾಹ್ನ, ಏರ್ ಕೂಲರ್ ಹಾಕದ ಕೋಣೆಯಲ್ಲಿ ಬೇಕಂತಲೇ ಮೂರು ತಾಸು ಆಡಿ ನೋಡಿದೆ. ಪ್ರೊಸೆಸರ್ 78ರವರೆಗೆ ಹೋಯಿತು, ಆರಲಿಲ್ಲ. ಆರಿದ್ದು ನಾನೇ, ಎದ್ದು ಹೋಗಿ ಎರಡು ಚೊಂಬು ನೀರು ಕುಡಿದೆ.