ಮನೆಯ ಹಳೇ ಸಾಮಾನು ಆನ್‌ಲೈನ್‌ನಲ್ಲಿ ಮಾರಿದ್ದು: ನನ್ನ ಅನುಭವ

ಬಳಸದ ಸಾಮಾನು ಮನೆಯಿಂದ ಹೋಗಬೇಕು ಅಂದಾಗ ನಮಗೆಲ್ಲ ಮೊದಲು ನೆನಪಾಗುವುದು ಗುಜರಿ ಅಂಗಡಿ. ಗುಜರಿಯವರು ನೋಡುವುದು ತೂಕ. ಚೆನ್ನಾಗಿ ಓಡುತ್ತಿರುವ ವಾಷಿಂಗ್ ಮಷೀನೂ ಅವರ ಲೆಕ್ಕದಲ್ಲಿ ಕಬ್ಬಿಣ, ಪ್ಲಾಸ್ಟಿಕ್ಕು. ಆದರೆ ಅದೇ ಮಷೀನು ಬೇಕಾಗಿರುವ ಮನೆ ನಮ್ಮ ಏರಿಯಾದಲ್ಲೇ ಎಲ್ಲೋ ಇರುತ್ತದೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವ ಮೊದಲು ನಾನು ಆನ್‌ಲೈನ್‌ನಲ್ಲಿ ಮಾರುವುದನ್ನು ಶುರು ಮಾಡಿದೆ. ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿ ಹಾಲ್‌ನಲ್ಲಿ ಹರಡಿಕೊಂಡೆ. ಮಗಳಿಗೆ ಚಿಕ್ಕದಾದ ಸೈಕಲ್ಲು, ಸ್ಟಡಿ ಟೇಬಲ್, ಕಬ್ಬಿಣದ ಬೀರು, ಫ್ರಂಟ್ ಲೋಡ್ ವಾಷಿಂಗ್ ಮಷೀನ್, ಹಳೇ ಫೋನು. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಬೀದಿಯವರ ವಾಟ್ಸಾಪ್ ಗ್ರೂಪು, ಮೂರರಲ್ಲೂ ಹಾಕಿದೆ. ಸೈಕಲ್ಲು, ಟೇಬಲ್ ತರಹದ್ದು ವಾಟ್ಸಾಪ್ ಗ್ರೂಪಿನಲ್ಲೇ ಹೋಯಿತು. ದೊಡ್ಡ ಸಾಮಾನಿಗೆ ಮಾತ್ರ ಹೊರಗಿನ ಗಿರಾಕಿ ಬೇಕಾಯಿತು.

ಬೆಲೆ ಇಡುವಾಗ ನಾವು ಎಷ್ಟು ಕೊಟ್ಟು ತಂದಿದ್ದೆವು ಅನ್ನುವುದನ್ನು ಮರೆಯಬೇಕು. ಅದೇ ತರಹದ ಹೊಸ ವಸ್ತು ಈಗ ಎಷ್ಟಕ್ಕೆ ಸಿಗುತ್ತದೆ, ನಮ್ಮ ಸುತ್ತಮುತ್ತ ಹಳೆಯದನ್ನು ಎಷ್ಟಕ್ಕೆ ಹಾಕಿದ್ದಾರೆ, ಎರಡನ್ನೂ ನೋಡಿದೆ. ಇಲ್ಲೊಂದು ಸೂಕ್ಷ್ಮ ಇದೆ. ತಿಂಗಳಾದರೂ ಹಾಗೇ ಇರುವ ಜಾಹೀರಾತಿನ ಬೆಲೆ ನಂಬಬಾರದು, ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತಲೇ ಅರ್ಥ. ಚೌಕಾಸಿ ಮಾಡದೆ ನಮ್ಮ ಜನ ತಗೊಳ್ಳುವುದಿಲ್ಲ, ಅದಕ್ಕೆ ಸ್ವಲ್ಪ ಜಾಗ ಬಿಟ್ಟೇ ಬೆಲೆ ಹಾಕಿದೆ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅನ್ನುವ ಮೊತ್ತವನ್ನು ಮಾತ್ರ ಮನೆಯವರ ಜೊತೆ ಮೊದಲೇ ಮಾತಾಡಿ ಇಟ್ಟುಕೊಂಡೆ. ಬರುವ ಮೊದಲ ಮೆಸೇಜೇ ‘ಲಾಸ್ಟ್ ಎಷ್ಟು?’ ಅಂತ. ಅದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ: ‘ಬಂದು ನೋಡಿ, ಇಷ್ಟವಾದರೆ ಮಾತಾಡೋಣ.’

ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಜಾಹೀರಾತು ಬರೆಯುವುದಕ್ಕೆ. ಅದರಲ್ಲಿ ಏನನ್ನೂ ಮುಚ್ಚಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಾಷಿಂಗ್ ಮಷೀನಿಗೆ ಬರೆದದ್ದು ಹೀಗಿತ್ತು: ‘7 ಕೆಜಿ, ಫ್ರಂಟ್ ಲೋಡ್. 5 ವರ್ಷ ಬಳಸಿದ್ದೇವೆ. ಬಾಗಿಲಿನ ರಬ್ಬರ್ ಮೇಲೆ ಕಪ್ಪು ಕಲೆ ಇದೆ, ನೀರು ಸೋರುವುದಿಲ್ಲ. ಬಿಲ್ ಇದೆ. ಮನೆ ಮೊದಲ ಮಹಡಿ, ಲಿಫ್ಟ್ ಇಲ್ಲ. ಸಾಗಿಸುವ ಖರ್ಚು ನಿಮ್ಮದು.’ ಇದನ್ನೇ ಇಂಗ್ಲಿಷಿನಲ್ಲೂ ಹಾಕಿದೆ. ಫೋಟೋಗಳನ್ನು ಬೆಳಗಿನ ಬೆಳಕಿನಲ್ಲಿ ತೆಗೆದೆ. ಆ ಕಪ್ಪು ಕಲೆಯದ್ದು ಹತ್ತಿರದಿಂದ ಒಂದು ಫೋಟೋ, ಮಾಡೆಲ್ ನಂಬರಿನ ಸ್ಟಿಕ್ಕರಿನದ್ದು ಒಂದು ಫೋಟೋ ತೆಗೆದೆ, ಮಷೀನು ತಿರುಗುತ್ತಿರುವ ಒಂದು ಚಿಕ್ಕ ವಿಡಿಯೋ ಮಾಡಿದೆ. ಹೀಗೆ ಬರೆದರೆ ಕೇಳುವವರು ಕಡಿಮೆಯಾಗುತ್ತಾರೆ, ನಿಜ. ಆದರೆ ಬರುವವರು ತಗೊಳ್ಳುವ ಮನಸ್ಸು ಮಾಡಿಯೇ ಬರುತ್ತಾರೆ. ಕಲೆ ತೋರಿಸಿ ಬೆಲೆ ಇಳಿಸುವ ಮಾತೇ ಏಳಲಿಲ್ಲ, ಅದು ಅವರಿಗೆ ಮೊದಲೇ ಗೊತ್ತಿತ್ತಲ್ವಾ?

ಫ್ರಂಟ್ ಲೋಡ್ ಮಷೀನು ಮಾರುವವರು ಇನ್ನೊಂದು ನೋಡಿಕೊಳ್ಳಿ. ಅದರ ಡ್ರಮ್ಮು ಒಳಗೆ ಸ್ಪ್ರಿಂಗ್‌ಗಳಲ್ಲಿ ತೂಗುತ್ತಿರುತ್ತದೆ. ಹೊಸದು ಬಂದಾಗ ಹಿಂದುಗಡೆ ಉದ್ದನೆಯ ಬೋಲ್ಟ್‌ಗಳಿರುತ್ತವೆ, ಸಾಗಿಸುವಾಗ ಡ್ರಮ್ಮು ಅಲ್ಲಾಡದಿರಲಿ ಅಂತ. ಕೂರಿಸುವವರು ಬಿಚ್ಚಿ ಕೈಗೆ ಕೊಟ್ಟು ಹೋಗುತ್ತಾರೆ, ಬಹಳ ಜನ ಎಸೆದುಬಿಡುತ್ತಾರೆ. ನಾನು ಬಿಲ್ಲಿನ ಜೊತೆ ಕವರಿನಲ್ಲಿಟ್ಟಿದ್ದೆ. ಟೆಂಪೊಗೆ ಏರಿಸುವ ಮೊದಲು ಅವನ್ನು ಮತ್ತೆ ಹಾಕಿಸಿದೆ.

ಬೀರು ನೋಡಲು ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದಿದ್ದರು, ಕೈಯಲ್ಲಿ ಟೇಪು ಹಿಡಿದುಕೊಂಡೇ. ‘ಅಕ್ಕಾ, ನಮ್ಮ ಮೆಟ್ಟಿಲು ಬಹಳ ಚಿಕ್ಕದು, ತಿರುವಿನಲ್ಲಿ ಹೋಗುತ್ತಾ ನೋಡಬೇಕು’ ಅಂದಳು ಹುಡುಗಿ. ಗಂಡ ಎತ್ತರ ಅಗಲ ಅಳೆದು ಫೋನಿನಲ್ಲಿ ಬರೆದುಕೊಂಡ. ನಾನು ಒಳಗಿನ ಲಾಕರನ್ನು ಎರಡೂ ಬೀಗದಕೈಯಲ್ಲಿ ತೆಗೆದು, ಹಾಕಿ ತೋರಿಸಿದೆ. ಆ ಹುಡುಗಿ ಲಾಕರಿಗೆ ಕೈಹಾಕಿ ಕೊನೆವರೆಗೂ ಮುಟ್ಟಿ ನೋಡಿದಳು. ಐನೂರು ರೂಪಾಯಿ ಕಡಿಮೆ ಕೇಳಿದರು. ನಾನು ಖುಷಿಯಿಂದಲೇ ಒಪ್ಪಿದೆ. ಅಂಥ ಮನೆಗೆ ಬೀರು ಹೋಗುವುದೇ ನನಗೆ ಬೇಕಾಗಿತ್ತು.

ಸಮಯವೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಶುರುವಾಗುವ ಮೊದಲು ಮನೆ ಬದಲಾಯಿಸುವವರು ಜಾಸ್ತಿ. ಆಷಾಢದಲ್ಲಿ ಮನೆ ಬದಲಾಯಿಸುವುದನ್ನು ನಮ್ಮವರು ಬಹಳಷ್ಟು ಜನ ಮುಂದೂಡುತ್ತಾರೆ, ಮಂಚ, ಬೀರು ಕೇಳುವವರೂ ಕಡಿಮೆ. ಶ್ರಾವಣ ಬಂದರೆ ಮತ್ತೆ ಫೋನು ಬರತೊಡಗುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಜಾಹೀರಾತು ಹಾಕಿದ ಸ್ವಲ್ಪ ಹೊತ್ತಿಗೇ ಒಬ್ಬನ ಫೋನು. ಸೇನೆಯಲ್ಲಿದ್ದೇನೆ ಅಂದ. ಚೌಕಾಸಿ ಇಲ್ಲ, ನೋಡುವುದೂ ಬೇಡ, ಗಾಡಿ ಕಳಿಸುತ್ತೇನೆ, ಈಗಲೇ ದುಡ್ಡು ಹಾಕುತ್ತೇನೆ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿದ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಬರುತ್ತದೆ ಅಂತೆ. ನಾನು ನಂಬರ್ ಬ್ಲಾಕ್ ಮಾಡಿದೆ. ಯುಪಿಐನಲ್ಲಿ ನಮಗೆ ದುಡ್ಡು ಬರುವುದಕ್ಕೆ ಕೋಡ್ ಸ್ಕ್ಯಾನ್ ಮಾಡುವುದೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ದುಡ್ಡು ಬಂದಿದೆಯಾ ಅಂತ ನಮ್ಮ ಬ್ಯಾಂಕ್ ಖಾತೆಯಲ್ಲೇ ನೋಡಬೇಕು. ಯಾರಾದರೂ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಲಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಮನೆ ನಂಬರನ್ನು ಬರುವ ಹೊತ್ತು ಗೊತ್ತಾದ ಮೇಲೆಯೇ ಕೊಡುತ್ತಿದ್ದೆ. ಅದೂ ಹಗಲಿನಲ್ಲಿ, ಮನೆಯಲ್ಲಿ ಇನ್ನೊಬ್ಬರು ಇರುವಾಗ.

ಹಳೇ ಫೋನಿನಿಂದ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ ಕೊಟ್ಟೆ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವರಿಗೆ ಫೋನು ತೆರೆಯದೇ ಹೋಗಬಹುದು. ಒಂದು ಹಾಳೆಯಲ್ಲಿ ಐಎಂಇಐ ನಂಬರು (ಆ ಫೋನಿನದೇ ಗುರುತಿನ ಸಂಖ್ಯೆ), ತಾರೀಖು ಬರೆದು ಕೊಂಡವರ ಸಹಿ ಹಾಕಿಸಿಕೊಂಡೆ. ಗ್ಯಾಸ್ ಸಿಲಿಂಡರು ಕೊಡುತ್ತೀರಾ ಅಂತ ಕೇಳಿದವರಿಗೆ ಇಲ್ಲ ಅಂದೆ. ಅದು ತೈಲ ಕಂಪನಿಯದು, ಬೇಡವಾದರೆ ಏಜೆನ್ಸಿಗೆ ವಾಪಸ್ ಕೊಟ್ಟು ಡೆಪಾಸಿಟ್ ತಗೊಳ್ಳಬೇಕು. ಸಾಮಾನು ಗೇಟು ದಾಟಿದ ಕೂಡಲೇ ಜಾಹೀರಾತು ತೆಗೆದುಬಿಡುತ್ತಿದ್ದೆ, ಇಲ್ಲದಿದ್ದರೆ ಪಾಪ, ದೂರದಿಂದ ಜನ ಸುಮ್ನೆ ಫೋನು ಮಾಡುತ್ತಲೇ ಇರುತ್ತಾರೆ.