ಕಾರಿನ ಟಯರ್ ಹಾಕಿದೆ, ಸ್ಪ್ಲೈನ್ ಮರೆತೆ

ನನ್ನ ಬೈಕ್ 1999ರ ಹೋಂಡಾ ವಾಲ್ಕೈರಿ. 1520 ಸಿಸಿ, ಆರು ಸಿಲಿಂಡರ್, ತೂಕ 300 ಕಿಲೋ ದಾಟುತ್ತದೆ. ಚೈನ್ ಇಲ್ಲ, ಹಿಂದಿನ ಚಕ್ರ ತಿರುಗಿಸುವುದು ಶಾಫ್ಟ್, ಅಂದರೆ ತಿರುಗುವ ಕಬ್ಬಿಣದ ದಂಡ. ಮೈಸೂರಿನಲ್ಲಿರುವ ಅಪ್ಪನಿಗೆ ಇದನ್ನು ಇನ್ನೂ ನಂಬಿಸಲು ಆಗಿಲ್ಲ. ಆಯಸ್ಸೆಲ್ಲ ಜಾವಾ ಓಡಿಸಿದವರು. ಫೋನ್ ಮಾಡಿದಾಗಲೆಲ್ಲ "ಚೈನಿಗೆ ಎಣ್ಣೆ ಬಿಟ್ಟೆಯೇನೋ?" ಎಂದೇ ಶುರು.

ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ವರ್ಷಕ್ಕೆ ಮೂರು ನಾಲ್ಕು ಸಲ ಎಲ್ ಪಾಸೊದಲ್ಲಿರುವ ಗೆಳೆಯನ ಮನೆಗೆ ಹೋಗುತ್ತೇನೆ. ಇಂಟರ್‌ಸ್ಟೇಟ್ 10 ಆ ಕಡೆಗೆ ದಾರ ಎಳೆದ ಹಾಗಿದೆ. ಬೈಕಿನ ಟಯರ್ ಗುಂಡಗಿರುತ್ತದಲ್ಲ, ನೆಟ್ಟಗೆ ಓಡಿದಾಗ ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. 9,000 ಮೈಲಿ ಆಗುವಷ್ಟರಲ್ಲಿ ನಡು ಬೋಳು. ಅಂಚಿನಲ್ಲಿ ಹೊಸ ಟಯರಿನ ಸಣ್ಣ ರಬ್ಬರ್ ಕೂದಲು ಹಾಗೇ ನಿಂತಿರುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತಾ?

ಇಲ್ಲಿ ಹಿಂದಿನ ಚಕ್ರಕ್ಕೆ ಕಾರಿನ ಟಯರ್ ಹಾಕುವವರಿದ್ದಾರೆ. ಅದಕ್ಕೆ 'ಡಾರ್ಕ್‌ಸೈಡ್' ಎಂದೇ ಹೆಸರು. ಬೈಕ್ ಕಂಪನಿ, ಟಯರ್ ಕಂಪನಿ ಇಬ್ಬರೂ ಬೇಡ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಕಾರಿನ ಟಯರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಅಂಚು) ಬೈಕಿನ ರಿಮ್ಮಿಗೆಂದು ಮಾಡಿದ್ದಲ್ಲ. ಎಲ್ಲ ಗೊತ್ತಿದ್ದೂ ನಾನು ಲೆಕ್ಕ ಹಾಕಿದೆ. ಮೂಲ ಟಯರ್ 180/70-16, ಒಟ್ಟು ಎತ್ತರ ಸುಮಾರು 658 ಮಿ.ಮೀ. ಕಾರಿನ 205/60-16 ತೆಗೆದುಕೊಂಡರೆ 652. ವ್ಯತ್ಯಾಸ ಆರೇ ಮಿ.ಮೀ. ಅಗಲ ಮಾತ್ರ 25 ಮಿ.ಮೀ. ಜಾಸ್ತಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಪಕ್ಕ ಬೆರಳು ತೂರುವಷ್ಟು ಜಾಗ ಉಳಿಯಿತು.

ಹಾಕಿಸಲು ಮೂರು ಅಂಗಡಿ ತಿರುಗಿದೆ. ಬೈಕಿನ ರಿಮ್ ನೋಡಿದ ಕೂಡಲೇ ಎಲ್ಲರೂ ಕೈ ಮುಗಿದರು. ಕೊನೆಗೆ ಈ ಕೆಲಸ ಮೊದಲೇ ಮಾಡಿದ್ದ ಹಳೆಯ ಸವಾರರೊಬ್ಬರ ಗ್ಯಾರೇಜಿನಲ್ಲಿ ಕೂತೆವು. ಬೀಡ್ ಕೂರಿಸಲು 40 ಪಿಎಸ್‌ಐ ಮೀರಬಾರದು. ಕೂರಲಿಲ್ಲ ಅಂತ ಗಾಳಿ ಏರಿಸುತ್ತಾ ಹೋದರೆ ಬೀಡ್ ಸಿಡಿದು ಕೈ ಹೋಗುತ್ತದೆ. ನಾವು ಗಾಳಿ ಪೂರ್ತಿ ಬಿಟ್ಟು, ಸೋಪು ನೀರು ಸವರಿ, ಮತ್ತೆ ಹಿಡಿದೆವು. ನಾಲ್ಕನೇ ಸಲಕ್ಕೆ 'ಟಪ್' ಎಂದು ಎರಡೂ ಬದಿ ಕೂತಿತು.

ಮೊದಲ ದಿನ ಹೆದರಿಕೆ ಆಯಿತು. ನಿಧಾನಕ್ಕೆ ತಿರುಗಿಸುವಾಗ ಹಠ ಮಾಡುವ ಹಸುವಿನ ಹಾಗೆ ಬೈಕ್ ನೆಟ್ಟಗೇ ನಿಲ್ಲಲು ನೋಡುತ್ತದೆ. ಲೇಕಿ ಊರಿನ ಹತ್ತಿರ 337ನೇ ರಸ್ತೆಯ ತಿರುವುಗಳಲ್ಲಂತೂ ಹ್ಯಾಂಡಲ್ಲನ್ನು ಒತ್ತಿ ಹಿಡಿದೇ ಇರಬೇಕು. ಟಾರಿನ ಉದ್ದಕ್ಕೆ ಗೀರು ಇದ್ದರೆ ಹಿಂಬದಿ ಅದರ ಜೊತೆ ಹೋಗುತ್ತದೆ. ಗಾಳಿ 28ರಿಂದ 40ರವರೆಗೆ ಏರಿಸಿ ಇಳಿಸಿ ನೋಡಿದೆ. 36ಕ್ಕೆ ನನಗೆ ಒಗ್ಗಿತು. ಒಂದು ವಾರದಲ್ಲಿ ಕೈ ಕಲಿಯಿತು. ಮುಂದಿನ ಚಕ್ರಕ್ಕೆ ಬೈಕಿನ ಟಯರೇ. ನಮ್ಮೂರಿನ ಚೈನ್ ಬೈಕಿಗೆ ಸುಮ್ನೆ ಪ್ರಯತ್ನ ಮಾಡಬೇಡಿ, ಅಗಲದ ಟಯರ್ ಚೈನಿಗೇ ಉಜ್ಜುತ್ತದೆ.

ಟಯರ್ ಸವೆಯಲೇ ಇಲ್ಲ. 24,000 ಮೈಲಿ ಆದರೂ ಗಾಡಿ ದೂರಿಲ್ಲದೆ ಓಡಿತು. ನನ್ನ ತಪ್ಪು ಆಗಿದ್ದೂ ಇಲ್ಲೇ. ಹಿಂದೆಲ್ಲ 9,000 ಮೈಲಿಗೊಮ್ಮೆ ಟಯರಿಗಾಗಿ ಚಕ್ರ ಬಿಚ್ಚುತ್ತಿದ್ದೆ. ಬಿಚ್ಚಿದಾಗ ಸ್ಪ್ಲೈನಿಗೆ, ಅಂದರೆ ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ, ಒಂದರೊಳಗೊಂದು ಕೂರುವ ಹಲ್ಲುಗಳಿಗೆ, ಪೇಸ್ಟ್ ಹಚ್ಚುವುದೂ ಆಗುತ್ತಿತ್ತು. ಈಗ ಬಿಚ್ಚುವ ಕೆಲಸವೇ ಬರಲಿಲ್ಲ.

ಒಂದು ಭಾನುವಾರ ಅಪ್ಪ ಮಾಮೂಲಿ ಪ್ರಶ್ನೆ ಕೇಳಿದರು. ಚೈನೇ ಇಲ್ಲ ಅಪ್ಪ ಎಂದೆ. "ಇಲ್ದಿದ್ರೆ ಬೇರೆ ಏನೋ ತಿರುಗ್ತಾ ಇರಬೇಕಲ್ಲೋ. ಅದನ್ನ ಯಾವಾಗ ಬಿಚ್ಚಿ ನೋಡಿದ್ದೆ?"

ಅವತ್ತೇ ಬಿಚ್ಚಿದೆ. ಚಕ್ರದ ಫ್ಲ್ಯಾಂಜ್ (ಆ ಹಲ್ಲುಗಳಿರುವ ಬಿಲ್ಲೆ) ಹೊರಗೆ ಬಂದಾಗ ಬೆರಳಿಗೆ ಅಂಟಿದ್ದು ಒಣ ಕೆಮ್ಮಣ್ಣಿನಂಥ ಪುಡಿ. ಕಬ್ಬಿಣ ಕಬ್ಬಿಣ ಉಜ್ಜಿ ಆದ ತುಕ್ಕು. ಚೌಕನೆ ಇರಬೇಕಾದ ಹಲ್ಲುಗಳು ಗರಗಸದ ಹಾಗೆ ಚೂಪಾಗಿದ್ದವು. ಓ-ರಿಂಗ್ ಎಂಬ ರಬ್ಬರ್ ಬಳೆ ಒಣಗಿ ಸೀಳಿತ್ತು. ಇನ್ನೂ ಸ್ವಲ್ಪ ಬಿಟ್ಟಿದ್ದರೆ ಹೆದ್ದಾರಿ ನಡುವೆ ಇಂಜಿನ್ ಕೂಗುತ್ತಾ ಚಕ್ರ ಸುಮ್ಮನಿರುತ್ತಿತ್ತು. ಗುಜರಿಗೆ ಹೋಗಿದ್ದ ಒಂದು ವಾಲ್ಕೈರಿಯಿಂದ ಫೈನಲ್ ಡ್ರೈವ್ (ಶಾಫ್ಟಿನಿಂದ ಚಕ್ರ ತಿರುಗಿಸುವ ಗೇರ್ ಪೆಟ್ಟಿಗೆ), ಫ್ಲ್ಯಾಂಜ್ ಎರಡನ್ನೂ ತಂದೆ. ಮೂರು ಬೈಕ್ ಟಯರಿನ ದುಡ್ಡು ಉಳಿಸಿದ್ದೆ ಎಂದುಕೊಂಡಿದ್ದೆ, ಅದಕ್ಕೇ ಸರಿಹೋಯಿತು. ಹೆಂಡತಿಗೆ ಈ ಲೆಕ್ಕ ಹೇಳಿಲ್ಲ.

ಜೋಡಿಸುವಾಗ ಈ ಸಲ ಆತುರ ಮಾಡಲಿಲ್ಲ. ಹಳೆಯ ಕೊಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಹಚ್ಚಿದ್ದು ಶೇ. 60ರಷ್ಟು ಮಾಲಿಬ್ಡಿನಂ ಇರುವ ಪೇಸ್ಟ್. ಮಾಮೂಲಿ ಗ್ರೀಸ್ ತಿರುಗುವ ರಭಸಕ್ಕೆ ಹೊರಗೆ ಚಿಮ್ಮಿ ಹೋಗುತ್ತದೆ. 'ಮಾಲಿ' ಎಂದು ಬರೆದ ಶೇ. 3ರ ಗ್ರೀಸ್ ಕೂಡ ಸಾಲದು. ಓ-ರಿಂಗ್ ಎಲ್ಲ ಹೊಸದು. ಫೈನಲ್ ಡ್ರೈವನ್ನು ಸ್ವಿಂಗ್‌ಆರ್ಮಿಗೆ ಹಿಡಿಯುವ ನಾಲ್ಕು ನಟ್ಟು ಮೊದಲು ಸಡಿಲ ಬಿಟ್ಟೆ. ಆಕ್ಸಲ್ ತೂರಿಸಿ ಅದನ್ನು ಬಿಗಿ ಮಾಡಿದೆ. ಆಮೇಲೆ ಆ ನಾಲ್ಕನ್ನು ಬಿಗಿದೆ. ಹೀಗೆ ಮಾಡಿದರೆ ಎಲ್ಲವೂ ತಾನೇ ಒಂದು ನೇರಕ್ಕೆ ಬಂದು ಕೂರುತ್ತದೆ. ಹಿಂದೆ ನಾನು ಉಲ್ಟಾ ಮಾಡುತ್ತಿದ್ದೆ. ಹಲ್ಲು ಸವೆದದ್ದರಲ್ಲಿ ಅದರ ಪಾಲೂ ಇದೆ ಎಂದೇ ನನ್ನ ಅನುಮಾನ.

ಫೈನಲ್ ಡ್ರೈವ್ ಎಣ್ಣೆ ಬೇರೆ: ಹೈಪಾಯ್ಡ್ ಗೇರ್ ಆಯಿಲ್, ಎಸ್‌ಎಇ 80. ಗಾಡಿ ನೆಟ್ಟಗೆ ನಿಲ್ಲಿಸಿ, ತೂತಿನ ಕೆಳ ಅಂಚಿಗೆ ಬರುವವರೆಗೆ ಸುರಿಯಬೇಕು. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ಇಳಿಸಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ನಯವಾದ ಬೂದಿಯಂಥದ್ದು ಇದ್ದರೆ ಚಿಂತೆಯಿಲ್ಲ. ಚೂರು ಚುಚ್ಚಿದರೆ ಗೇರ್ ಬಿಚ್ಚಲೇಬೇಕು.

ಕಾರಿನ ಟಯರ್ ತೆಗೆದಿಲ್ಲ, ಅದರ ಮೇಲೆಯೇ ಓಡಾಡುತ್ತಿದ್ದೇನೆ. ಸೀಟಿನ ಅಡಿ ಪೇಪರ್ ಟೇಪ್ ಅಂಟಿಸಿ 'ಸ್ಪ್ಲೈನ್: 95,000' ಎಂದು ಬರೆದಿದ್ದೇನೆ. ಮೀಟರ್ ಈಗ 93,400 ತೋರಿಸುತ್ತಿದೆ. ಪೇಸ್ಟ್ ಟ್ಯೂಬು ತಂದಿಟ್ಟಾಗಿದೆ.